ಕೋವಿ ಇರುವ ಮನೆಯ ಶಿಸ್ತು

ಪಶ್ಚಿಮ ಘಟ್ಟದ ಸೆರಗಿನಲ್ಲಿರುವ ಕೊಡಗು, ಸುಳ್ಯ, ಬೆಳ್ತಂಗಡಿ, ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿ ಮೊದಲಾದ ಸೀಮೆಗಳಲ್ಲಿ ಕೋವಿಯು ಪೊಲೀಸರ ಹೆಗಲ ಮೇಲಷ್ಟೇ ಕಾಣಸಿಗುವ ವಸ್ತುವಲ್ಲ. ಹಾರೆ, ಗುದ್ದಲಿ, ಕತ್ತಿಗಳ ಜೊತೆಗೆ ಅದೂ ಕೃಷಿಕನ ಮನೆಯ ಒಂದು ಸಲಕರಣೆಯಾಗಿ, ಹಲವು ಮನೆಗಳಲ್ಲಿ ಅಜ್ಜನಿಂದ ಮೊಮ್ಮಗನವರೆಗೆ ಕೈದಾಟುತ್ತ ಬಂದಿದೆ. ಪೂರ್ಣಚಂದ್ರ ತೇಜಸ್ವಿಯವರನ್ನು ಓದಿದವರಿಗೆ ಈಡು (ಕೋವಿಗೆ ತುಂಬಿದ ಮದ್ದುಗುಂಡು), ಚರೆ (ಸೀಸದ ಸಣ್ಣ ಗುಂಡು), ತೋಟೆ (ಕಾರ್ತೂಸು) ಎಂಬ ಮಾತುಗಳ ಪರಿಚಯವಿರುತ್ತದೆಯಾದರೂ, ಈ ಕೋವಿಗಳು ಯಾವ ಕಾನೂನಿನ ಅಡಿಯಲ್ಲಿ ಮನೆಯೊಳಗಿವೆ, ಅವು ಹೇಗೆ ಕೆಲಸ ಮಾಡುತ್ತವೆ, ಆತ್ಮರಕ್ಷಣೆಗೆ ಅವುಗಳ ಬಳಕೆ ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ವಿಚಾರಗಳು ಬಯಲುಸೀಮೆಯ ಓದುಗರಿಗೂ ನಗರವಾಸಿಗಳಿಗೂ ಅಷ್ಟಾಗಿ ತಿಳಿದಿಲ್ಲ. ಕೋವಿಯೆಂದರೆ ಅಪರಾಧ ಎಂಬ ಒಂದು ಭಾವನೆ, ಕೋವಿಯೆಂದರೆ ಗತ್ತು ಎಂಬ ಇನ್ನೊಂದು ಭಾವನೆ, ಇವೆರಡೂ ಘಟ್ಟದ ಕೋವಿಮನೆಗಳಿಗೆ ಮಾಡಿರುವ ಅನ್ಯಾಯ ಸಣ್ಣದಲ್ಲ. ಆ ಮನೆಗಳಲ್ಲಿ ಬೆಳೆದುಬಂದಿರುವುದು ಒಂದು ಶಿಸ್ತು. ಕೋವಿಯ ಹಕ್ಕನ್ನು ಸಮರ್ಥಿಸುವುದಕ್ಕೆ ಆ ಶಿಸ್ತಿಗಿಂತ ಗಟ್ಟಿಯಾದ ಆಧಾರ ಬೇರೊಂದಿಲ್ಲ.

ಭಾರತದಲ್ಲಿ ಆಯುಧವನ್ನು ಹೊಂದುವುದು ಮೂಲಭೂತ ಹಕ್ಕಲ್ಲ ಎಂಬುದನ್ನು ಮೊದಲಿಗೇ ಸ್ಪಷ್ಟಪಡಿಸಿಕೊಳ್ಳಬೇಕು. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯು ಜನರು ಆಯುಧ ಹೊಂದುವ ಹಕ್ಕನ್ನು ರಕ್ಷಿಸುತ್ತದೆ. ನಮ್ಮಲ್ಲಿ ಅಂಥ ಹಕ್ಕಿನ ವಿಚಾರ ಬಂದುಹೋಯಿತೇ ಹೊರತು ನೆಲೆಯೂರಲಿಲ್ಲ. 1878ರಲ್ಲಿ ವೈಸರಾಯ್ ಲಿಟ್ಟನ್ನನ ಕಾಲದಲ್ಲಿ ಜಾರಿಗೆ ಬಂದ ಶಸ್ತ್ರಾಸ್ತ್ರ ಕಾಯ್ದೆಯು ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿದ್ದರಿಂದ, ಅದರ ವಿರುದ್ಧದ ಅಸಮಾಧಾನವು ಸ್ವಾತಂತ್ರ್ಯ ಹೋರಾಟದ ಭಾಗವೇ ಆಗಿತ್ತು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. ಸಂವಿಧಾನ ರಚನಾ ಸಭೆಯಲ್ಲಿ 1948ರ ಡಿಸೆಂಬರ್‌ನಲ್ಲಿ ಇದೇ ಹಕ್ಕನ್ನು ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದ ಎಚ್. ವಿ. ಕಾಮತ್ ಮಂಗಳೂರಿನಲ್ಲಿ ಹುಟ್ಟಿದವರು ಎಂಬುದು ಕನ್ನಡಿಗರು ನೆನಪಿಡಬಹುದಾದ ಸಂಗತಿ. ಸಭೆಯು ಆ ತಿದ್ದುಪಡಿಯನ್ನು ಒಪ್ಪಲಿಲ್ಲ. ಹೀಗಾಗಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿಯು ಸರ್ಕಾರದ ಅನುಮತಿಯಿಂದ ಮಾತ್ರ ಇಟ್ಟುಕೊಳ್ಳಬಹುದಾದ ವಸ್ತು, ಮತ್ತು ಆ ಅನುಮತಿಯನ್ನು ಕಾರಣ ಕೊಟ್ಟು ನಿರಾಕರಿಸುವ ಅಧಿಕಾರವೂ ಸರ್ಕಾರಕ್ಕಿದೆ.

ಈ ಸಾಮಾನ್ಯ ನಿಯಮಕ್ಕೆ ದೊಡ್ಡ ಅಪವಾದವೊಂದು ಕರ್ನಾಟಕದಲ್ಲಿಯೇ ಇದೆ. ಕೊಡಗಿನಲ್ಲಿ ಕೊಡವರೂ ಜಮ್ಮಾ ಭೂಮಿಯ ಹಿಡುವಳಿದಾರರೂ ಪರವಾನಗಿಯಿಲ್ಲದೆ ಕೋವಿಯನ್ನು ಇಟ್ಟುಕೊಳ್ಳಬಹುದಾಗಿದ್ದು, ಆ ಜಿಲ್ಲೆಯ ಜನ ಇದನ್ನು 'ಕೋವಿ ಹಕ್ಕು' ಎಂದೇ ಕರೆಯುತ್ತಾರೆ. ಜಮ್ಮಾ ಎಂದರೆ ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲಿ, ಕರೆ ಬಂದಾಗ ಆಯುಧ ಹಿಡಿದು ಹೊರಡಬೇಕೆಂಬ ಕಟ್ಟಳೆಯೊಡನೆ ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಕೊಟ್ಟ ಭೂಮಿ. ಇಂಥ ಹಿಡುವಳಿಯು ಕೊಡವರಲ್ಲಿ ಮಾತ್ರವಲ್ಲದೆ ಅರೆಭಾಷೆ ಗೌಡರು, ಐರಿಗಳು, ಹೆಗ್ಗಡೆಗಳು ಮೊದಲಾದವರಲ್ಲಿಯೂ ಇರುವುದರಿಂದ ಕೋವಿ ಹಕ್ಕು ಒಂದೇ ಸಮುದಾಯಕ್ಕೆ ಸೀಮಿತವಾದುದಲ್ಲ. ಹೊರಗಿನವರು ಬಹಳಷ್ಟು ಸಲ ಮರೆಯುವ ಅಂಶವಿದು. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ವಶವಾದ ಮೇಲೂ ಮನೆಗಳಲ್ಲಿನ ಆಯುಧಗಳು ಉಳಿದವು. 1857ರ ದಂಗೆಯ ನಂತರ ದೇಶದಾದ್ಯಂತ ಜನರನ್ನು ನಿಶ್ಶಸ್ತ್ರಗೊಳಿಸುವ ಕಾನೂನು ಬಂದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರ ಫೆಬ್ರವರಿ 26ರಂದು ಪ್ರಕಟಣೆ ಹೊರಡಿಸಿ, ಆ ಕಾನೂನು ಕೊಡಗಿನವರಿಗೆ ಅನ್ವಯಿಸುವುದಿಲ್ಲವೆಂದು ಸಾರಿದ. ಬೆಂಗಳೂರಿನ ಉದ್ಯಾನದ ಮೂಲಕ ಮಾತ್ರ ಆತನ ಹೆಸರನ್ನು ಬಲ್ಲವರಿಗೆ ಇದು ಹೊಸ ವಿಷಯವೆನಿಸೀತು.

ಸ್ವಾತಂತ್ರ್ಯಾನಂತರ 1959ರ ಕಾಯ್ದೆಯ 41ನೆಯ ಕಲಮು ಯಾವುದೇ ವರ್ಗದ ಜನರಿಗೆ ಸಾರ್ವಜನಿಕ ಹಿತದೃಷ್ಟಿಯಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿತು. ಅದರಂತೆ 1963ರಲ್ಲಿ ಹೊರಟ ಅಧಿಸೂಚನೆಯು ಹಳೆಯ ವಿನಾಯಿತಿಯನ್ನು ಮುಂದುವರಿಸಿತು. ಅದು ಮಿತಿಯಿಲ್ಲದ ವಿನಾಯಿತಿಯೇನೂ ಅಲ್ಲ: ವಿನಾಯಿತಿ ಪಡೆದವರು ಜಿಲ್ಲೆಯ ಹೊರಗೆ ವಾಸಿಸುವಾಗ ಅಥವಾ ಪ್ರಯಾಣಿಸುವಾಗ ಒಂದು ರೈಫಲ್ ಮತ್ತು ಅದರ 100 ಗುಂಡು, ಒಂದು ನಯನಳಿಗೆಯ ಕೋವಿ ಮತ್ತು ಅದರ 500 ತೋಟೆಗಳಿಗಿಂತ ಹೆಚ್ಚನ್ನು ಒಯ್ಯುವಂತಿಲ್ಲವೆಂಬ ಕಟ್ಟುಪಾಡು ಅದರಲ್ಲಿದೆ. ವ್ಯವಹಾರದಲ್ಲಿ ಪ್ರತಿ ಹಕ್ಕುದಾರನೂ ಜಿಲ್ಲಾಡಳಿತದಿಂದ ವಿನಾಯಿತಿ ಪತ್ರವನ್ನು ಪಡೆಯುತ್ತಾನೆ; ಅಂದರೆ ಪರವಾನಗಿ ಇಲ್ಲವೆಂದ ಮಾತ್ರಕ್ಕೆ ಆ ಕೋವಿಯ ಲೆಕ್ಕ ಸರ್ಕಾರದ ಬಳಿ ಇಲ್ಲವೆಂದಲ್ಲ. 2019ರ ಅಕ್ಟೋಬರ್‌ನಲ್ಲಿ ಕೇಂದ್ರವು ಈ ವಿನಾಯಿತಿಗೆ 10 ವರ್ಷಗಳ ಅವಧಿಯನ್ನು ನಿಗದಿಪಡಿಸಿತು. ಜಾತಿ ಮತ್ತು ಭೂಹಿಡುವಳಿಯ ಆಧಾರದ ಮೇಲೆ ಕೊಟ್ಟ ಈ ವಿನಾಯಿತಿ ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ಪ್ರಶ್ನಿಸಿದ ಅರ್ಜಿಯೊಂದನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾಗೊಳಿಸಿ, ಸ್ವಾತಂತ್ರ್ಯಪೂರ್ವದಿಂದ ನಡೆದುಬಂದ ಪರಂಪರೆಯನ್ನೂ ವಿನಾಯಿತಿಯು ಅನಿರ್ದಿಷ್ಟ ಕಾಲದ್ದಲ್ಲದೆ 10 ವರ್ಷಗಳದ್ದು ಎಂಬುದನ್ನೂ ಗಮನಿಸಿ ಅದನ್ನು ಎತ್ತಿಹಿಡಿಯಿತು. ಸಮಾನತೆಯ ಪ್ರಶ್ನೆ ನ್ಯಾಯವಾದುದೇ. ಆದರೆ ಅದಕ್ಕೆ ಉತ್ತರ ಕೊಡಗಿನವರ ಹಕ್ಕನ್ನು ಕಸಿಯುವುದರಲ್ಲಿಲ್ಲ, ಅದೇ ಬಗೆಯ ಕಾಡಂಚಿನ ಬದುಕನ್ನು ನಡೆಸುತ್ತಿರುವ ಉಳಿದ ಮಲೆನಾಡಿಗರಿಗೆ ಪರವಾನಗಿಯ ದಾರಿಯನ್ನು ಸುಗಮಗೊಳಿಸುವುದರಲ್ಲಿದೆ.

ಕೊಡಗಿನಲ್ಲಿ ಕೋವಿಯ ಸ್ಥಾನವನ್ನು ಅರಿಯಲು ಕಾನೂನಿನ ಪುಸ್ತಕವಷ್ಟೇ ಸಾಲದು. ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ತಿಂಗಳ ಮೊದಲ ದಿನಗಳಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು, ಒರೆಸಿ, ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಾಗಲಿ ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಾಗಲಿ ಸಾಲಾಗಿ ಇಟ್ಟು, ಗಂಧವಿಟ್ಟು, ತೋಕ್‌ ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೊಡವ ಭಾಷೆಯಲ್ಲಿ ಕೋವಿ. ಮಳೆಗಾಲದಲ್ಲಿ ಬೇಲಿಗಳ ಮೇಲೆ ಕೆಂಪು-ಹಳದಿಯ ಜ್ವಾಲೆಯ ಬಣ್ಣದಲ್ಲಿ ಅರಳುವ ಆ ಬಳ್ಳಿಯ ಹೂವು ನಳಿಗೆಯ ತುದಿಯನ್ನು ಅಲಂಕರಿಸುವುದರಿಂದಲೇ ಕೋವಿಯ ಹೆಸರನ್ನು ಪಡೆದಿದೆ. ಪೂಜೆಯ ನಂತರ ಊರವರು ಸೇರುವ ಬಯಲಾದ ಮಂದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಮೊದಲ ಕದಿರನ್ನು ಕೊಯ್ಯುವ ಮುಹೂರ್ತವನ್ನು ಊರಿಗೆ ತಿಳಿಸುವುದು ಕೋವಿಯ ಸದ್ದು. ಮನೆಯಲ್ಲಿ ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವು ಸಂಭವಿಸಿದಾಗ ಒಂದರ ಹಿಂದೊಂದು ಎರಡು ಗುಂಡು ಹಾರಿಸುವ ಪದ್ಧತಿಯು, ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಕಾಡು, ಕಣಿವೆ, ಕಾಫಿ ತೋಟಗಳಿದ್ದ ನಾಡಿನಲ್ಲಿ ಸುದ್ದಿ ಮುಟ್ಟಿಸುವ ವ್ಯವಸ್ಥೆಯೂ ಆಗಿತ್ತು. ಆಯುಧವನ್ನು ವರ್ಷಕ್ಕೊಮ್ಮೆ ಎಲ್ಲರೆದುರು ಹೊರತೆಗೆದು, ಶುಚಿಗೊಳಿಸಿ, ಹಿರಿಯರ ಕೈಯಿಂದ ಕಿರಿಯರ ಕೈಗೆ ಕೊಡುವ ಈ ಆಚರಣೆಯಲ್ಲಿ ಮಕ್ಕಳು ಕಲಿಯುವ ಮೊದಲ ಪಾಠವೆಂದರೆ, ಕೋವಿಯು ಆಟದ ವಸ್ತುವಲ್ಲ, ಅದನ್ನು ಮುಟ್ಟುವುದಕ್ಕೆ ಒಂದು ಹೊತ್ತು, ಒಂದು ರೀತಿ, ಒಬ್ಬ ಹಿರಿಯರ ಒಪ್ಪಿಗೆ ಇರಬೇಕು ಎಂಬುದು.

ಕೊಡಗಿನ ಹೊರಗೆ ಕೋವಿ ಬೇಕೆನ್ನುವವರು ಜಿಲ್ಲಾಧಿಕಾರಿಗೆ, ಕಮಿಷನರೇಟ್ ಇರುವ ನಗರಗಳಲ್ಲಾದರೆ ಪೊಲೀಸ್ ಕಮಿಷನರಿಗೆ ಅರ್ಜಿ ಸಲ್ಲಿಸಬೇಕು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು; ಪೊಲೀಸರು ಆತನ ಹಿನ್ನೆಲೆಯನ್ನು ಪರಿಶೀಲಿಸಿ ವರದಿ ಕೊಡುತ್ತಾರೆ. ಕಾಯ್ದೆಯ 13ನೆಯ ಕಲಮಿನಲ್ಲಿ ಕೃಷಿಕರು ತಿಳಿದಿರಲೇಬೇಕಾದ ಒಂದು ಭೇದವಿದೆ: ರಕ್ಷಣೆಗಾಗಿ ಅಥವಾ ಕ್ರೀಡೆಗಾಗಿ 20 ಅಂಗುಲಕ್ಕಿಂತ ಕಡಿಮೆಯಿಲ್ಲದ ನಯನಳಿಗೆಯ ಕೋವಿಯನ್ನು, ಅಥವಾ ಪ್ರಾಮಾಣಿಕವಾಗಿ ಬೆಳೆರಕ್ಷಣೆಗೆಂದೇ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಕೇಳಿದವರಿಗೆ, ಅವರು ಅನರ್ಹರಲ್ಲದಿದ್ದರೆ, ಪರವಾನಗಿ ಕೊಡಬೇಕೆಂಬುದು ಸಾಮಾನ್ಯ ನಿಯಮ, ರಿವಾಲ್ವರ್, ಪಿಸ್ತೂಲು, ರೈಫಲ್‌ಗಳಿಗಾದರೆ ಅರ್ಜಿದಾರನು ತಕ್ಕ ಕಾರಣವನ್ನು ತೋರಿಸಬೇಕು. ನಯನಳಿಗೆ ಎಂದರೆ ಒಳಮೈಯಲ್ಲಿ ಗೆರೆಗಳಿಲ್ಲದ ಕೊಳವೆ. ರೈಫಲ್ಲಿನ ನಳಿಗೆಯ ಒಳಗೆ ಸುರುಳಿಯಾಕಾರದ ಗೆರೆಗಳನ್ನು ಕೊರೆದಿರುವುದರಿಂದ ಗುಂಡು ತಿರುಗುತ್ತ ಹೊರಟು ಬಹುದೂರ ನೇರವಾಗಿ ಸಾಗುತ್ತದೆ. 2019ರ ತಿದ್ದುಪಡಿಯು ಒಬ್ಬ ವ್ಯಕ್ತಿ ಹೊಂದಬಹುದಾದ ಕೋವಿಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು 3ರಿಂದ 5 ವರ್ಷಕ್ಕೆ ಏರಿಸಿತು. 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯ ಪ್ರಮಾಣಪತ್ರವನ್ನು ಕೇಳುತ್ತವೆ. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳು ಜನಸಾಮಾನ್ಯರಿಗೂ ಶಾಸ್ತ್ರೀಯವಾಗಿ ಕೋವಿಯನ್ನು ಹಿಡಿಯಲು ಕಲಿಸುತ್ತವೆ. ಪರವಾನಗಿ ಬೇಕಿಲ್ಲದವರೂ ಇಂಥ ಶಿಬಿರಕ್ಕೆ ಹೋಗುವುದು ಒಳ್ಳೆಯದು, ಏಕೆಂದರೆ ಮನೆಯಲ್ಲಿ ನೋಡಿ ಕಲಿತದ್ದರಲ್ಲಿ ಹಿರಿಯರ ಜಾಣ್ಮೆಯ ಜೊತೆಗೆ ಹಿರಿಯರ ತಪ್ಪುಗಳೂ ಇಳಿದುಬಂದಿರುತ್ತವೆ.

ಮಲೆನಾಡಿನ ಕೃಷಿಕರ ಕೈಯಲ್ಲಿರುವ ಅತ್ಯಂತ ಹಳೆಯ ಮಾದರಿಯೆಂದರೆ ಕೇಪಿನ ಕೋವಿ. ಇದಕ್ಕೆ ನಳಿಗೆಯ ಬಾಯಿಯಿಂದ ಅಳತೆಯ ಕರಿಮದ್ದನ್ನು ಸುರಿದು, ತೆಂಗಿನ ನಾರನ್ನೋ ಕಾಗದದ ಉಂಡೆಯನ್ನೋ ಹಾಕಿ ಸಲಾಕೆಯಿಂದ ಗಟ್ಟಿಯಾಗಿ ತುರುಕಿ, ಅದರ ಮೇಲೆ ಸೀಸದ ಚರೆಗಳನ್ನು ಬಿಟ್ಟು, ಅವು ಉರುಳಿ ಬೀಳದಂತೆ ಮತ್ತೊಂದು ಉಂಡೆಯನ್ನು ಒತ್ತುತ್ತಾರೆ. ಬುಡದಲ್ಲಿರುವ ಸಣ್ಣ ಮೊಲೆಯಂಥ ಭಾಗಕ್ಕೆ ತಾಮ್ರದ ಕೇಪನ್ನು ತೊಡಿಸಿ, ಕುದುರೆ ಎಂದು ಕರೆಯುವ ಸುತ್ತಿಗೆಯನ್ನು ಹಿಂದಕ್ಕೆ ಎಳೆದರೆ ಈಡು ಸಿದ್ಧ. ಕರಿಮದ್ದು ಎಂಬುದು ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕಗಳ ಮಿಶ್ರಣ. ಕುದುರೆ ಬಿದ್ದು ಕೇಪು ಸಿಡಿದಾಗ ಕಿಡಿಯು ಸಣ್ಣ ರಂಧ್ರದ ಮೂಲಕ ಮದ್ದಿಗೆ ತಲುಪುತ್ತದೆ. ಮದ್ದು ತೇವಗೊಂಡಿದ್ದರೆ ಅಥವಾ ರಂಧ್ರ ಕಟ್ಟಿದ್ದರೆ ಕೇಪು ಮಾತ್ರ ಸಿಡಿದು ಈಡು ಹಾರದೆ ಉಳಿಯಬಹುದು, ಇಲ್ಲವೇ ಕೆಲವು ಕ್ಷಣ ತಡವಾಗಿ ಹಾರಬಹುದು. ಈ ತಡವೇ ಅತ್ಯಂತ ಅಪಾಯದ ಗಳಿಗೆ. ಈಡು ಹಾರಲಿಲ್ಲವೆಂದು ನಳಿಗೆಯೊಳಕ್ಕೆ ಇಣುಕುವುದಾಗಲಿ ಪಕ್ಕಕ್ಕೆ ತಿರುಗಿಸುವುದಾಗಲಿ ಎಂದಿಗೂ ಸಲ್ಲದು. ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ನಳಿಗೆಯನ್ನು ಸುರಕ್ಷಿತ ದಿಕ್ಕಿನಲ್ಲಿಯೇ ಹಿಡಿದು ಕಾಯಬೇಕು. ಸದ್ದು ಜೋರಾಗಲೆಂದು ಅಳತೆ ಮೀರಿ ಮದ್ದು ತುಂಬುವುದು, ಹಿಂದಿನ ಈಡು ಒಳಗೇ ಇರುವುದನ್ನು ಮರೆತು ಅದರ ಮೇಲೆ ಇನ್ನೊಂದು ತುಂಬುವುದು, ಇವೆರಡರಿಂದಲೂ ನಳಿಗೆ ಒಡೆದು ಹಿಡಿದವನ ಕೈಗೂ ಕಣ್ಣಿಗೂ ಹಾನಿಯಾಗುತ್ತದೆ.

ತೋಟೆಕೋವಿಯಲ್ಲಿ ಈ ತೊಡಕುಗಳು ಕಡಿಮೆ. ನಳಿಗೆಯನ್ನು ಬುಡದಲ್ಲಿ ಮುರಿದಂತೆ ಬಗ್ಗಿಸಿ, ಕೇಪು, ಮದ್ದು, ಚರೆ ಎಲ್ಲವನ್ನೂ ಒಳಗೊಂಡ ತೋಟೆಯನ್ನು ಇಟ್ಟು ಮುಚ್ಚಿದರಾಯಿತು. ಒಂದು ನಳಿಗೆಯಿದ್ದರೆ ಒಂಟಿ ನಳಿಗೆ, ಎರಡಿದ್ದರೆ ಜೋಡಿ ನಳಿಗೆ ಕೋವಿ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು 12 ಬೋರಿನದು. ಈ ಸಂಖ್ಯೆಯ ಹಿಂದೆ ಹಳೆಯ ಕಾಲದ ಒಂದು ಲೆಕ್ಕವಿದೆ: ನಳಿಗೆಯ ಒಳವ್ಯಾಸಕ್ಕೆ ಸರಿಯಾಗಿ ಕೂರುವ ಸೀಸದ ಗುಂಡುಗಳು ಎಷ್ಟು ಸೇರಿದರೆ ಒಂದು ಪೌಂಡ್ ತೂಗುತ್ತವೋ ಅದೇ ಆ ಕೋವಿಯ ಬೋರು, ಆದ್ದರಿಂದಲೇ ಸಂಖ್ಯೆ ಹೆಚ್ಚಿದಂತೆ ನಳಿಗೆ ಸಣ್ಣದಾಗುತ್ತದೆ, 12 ಬೋರಿನ ಒಳವ್ಯಾಸ ಸುಮಾರು 18.5 ಮಿಲಿಮೀಟರ್. ತೋಟೆಯೊಳಗಿನ ಚರೆಗಳು ಸಣ್ಣವಾದರೆ ಸಂಖ್ಯೆಯಲ್ಲಿ ಹೆಚ್ಚಿದ್ದು ಹರಡಿಕೊಳ್ಳುತ್ತವೆ, ಎಲ್‌ಜಿ, ಎಸ್‌ಜಿಯಂಥ ದಪ್ಪ ಚರೆಗಳಾದರೆ ಸಂಖ್ಯೆಯಲ್ಲಿ ಕಡಿಮೆಯಿದ್ದು ಆಳಕ್ಕೆ ಹೊಗುತ್ತವೆ. ಸಣ್ಣ ಚರೆಯ ಪರಿಣಾಮಕಾರಿ ವ್ಯಾಪ್ತಿ ಸುಮಾರು 35–40 ಮೀಟರ್. ಮನೆಯಂಗಳ ಮತ್ತು ತೋಟದ ರಕ್ಷಣೆಗೆ ರೈಫಲಿಗಿಂತ ಈ ಕೋವಿಯೇ ಯೋಗ್ಯವೆಂದು ಅನುಭವಿಗಳು ಹೇಳುವುದಕ್ಕೆ ಕಾರಣವೂ ಇದೇ: ಚಿಕ್ಕದೆಂದು ಕಾಣುವ .22 ರೈಫಲಿನ ಗುಂಡು ಕೂಡ ಒಂದೂವರೆ ಕಿಲೋಮೀಟರಿನವರೆಗೆ ಹಾರಬಲ್ಲದು, ಅಷ್ಟು ದೂರದಲ್ಲಿ ಯಾರ ಮನೆಯಿದೆ, ಯಾರು ಕಾಫಿ ಕೊಯ್ಯುತ್ತಿದ್ದಾರೆ ಎಂಬುದು ಗುಂಡು ಹಾರಿಸುವವನಿಗೆ ಕಾಣುವುದಿಲ್ಲ.

ಬೆಳೆರಕ್ಷಣೆಯ ಕೋವಿಯೆಂದರೆ ಪ್ರಾಣಿಗಳನ್ನು ಕೊಲ್ಲುವ ಅನುಮತಿ ಎಂಬ ತಪ್ಪು ತಿಳಿವಳಿಕೆ ಕೋವಿದಾರರಲ್ಲಿಯೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ನಿಷೇಧಿಸಿದೆ. ಭತ್ತದ ಗದ್ದೆಯನ್ನು ಒಂದೇ ರಾತ್ರಿಯಲ್ಲಿ ಉತ್ತು ಹೋಗುವ ಕಾಡುಹಂದಿಯನ್ನಾದರೂ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಆದೇಶವಿಲ್ಲದೆ ಹೊಡೆಯುವಂತಿಲ್ಲ, ನವಿಲಿನ ಮಾತಂತೂ ದೂರವೇ ಉಳಿಯಿತು. ಆದರೆ ಅದೇ ಕಾಯ್ದೆಯ 11ನೆಯ ಕಲಮು, ತನ್ನ ಅಥವಾ ಇನ್ನೊಬ್ಬರ ಪ್ರಾಣವನ್ನು ಉಳಿಸಿಕೊಳ್ಳಲು ಸದ್ಭಾವನೆಯಿಂದ ವನ್ಯಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಅದು ಅಪರಾಧವಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಕಾನೂನು ಮುರಿಯುವ ಕೆಲಸದಲ್ಲಿ ತೊಡಗಿದ್ದವನಿಗೆ ಮಾತ್ರ ಈ ರಕ್ಷಣೆ ಸಿಗದು. 34ನೆಯ ಕಲಮಿನಂತೆ ಅಭಯಾರಣ್ಯದ 10 ಕಿಲೋಮೀಟರ್ ಒಳಗಿರುವ ಕೋವಿದಾರರು, ಶಸ್ತ್ರಾಸ್ತ್ರ ಕಾಯ್ದೆಯಿಂದ ವಿನಾಯಿತಿ ಪಡೆದವರೂ ಸೇರಿದಂತೆ, ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ಹೆಸರು ನೋಂದಾಯಿಸಬೇಕಾಗಿದ್ದು, ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಅವರ ಪೂರ್ವಸಮ್ಮತಿಯೂ ಬೇಕು. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳ ನೆರೆಯಲ್ಲಿರುವವರಿಗೆ ಇದು ನಿತ್ಯದ ವಿಷಯ. ಹೀಗಿರುವಾಗ ಬೆಳೆರಕ್ಷಣೆಯ ಕೋವಿಯ ನಿಜವಾದ ಉಪಯೋಗ ಅದರ ಸದ್ದಿನಲ್ಲಿದೆ. ರಾತ್ರಿಯ ಹೊತ್ತು ತೋಟದಂಚಿನಿಂದ ಆಕಾಶದತ್ತ ಹಾರಿಸಿದ ಒಂದು ಖಾಲಿ ಈಡು ಹಂದಿಯ ಹಿಂಡನ್ನು ಕಾಡಿಗಟ್ಟುತ್ತದೆ, ಮತ್ತು ಬಹುಪಾಲು ಕೃಷಿಕರಿಗೆ ಬೇಕಾಗಿರುವುದೂ ಅಷ್ಟೇ. ಪ್ರಾಣಿ ಬರುವ ದಾರಿಗೆ ದಾರ ಕಟ್ಟಿ, ತಾಗಿದ ಕೂಡಲೇ ಸಿಡಿಯುವಂತೆ ಕೋವಿಯನ್ನು ಹೂಡಿಡುವುದು ಮಾತ್ರ ಯಾವ ನೆಲೆಯಿಂದಲೂ ಕ್ಷಮಿಸಲಾಗದ ಕೃತ್ಯ, ಏಕೆಂದರೆ ಆ ದಾರವು ಹಂದಿಯ ಕಾಲನ್ನೂ ಸೌದೆಗೆ ಹೊರಟ ಹೆಂಗಸಿನ ಕಾಲನ್ನೂ ಬೇರ್ಪಡಿಸಿ ನೋಡುವುದಿಲ್ಲ.

ಮನುಷ್ಯರಿಂದ ಬರುವ ಅಪಾಯದ ವಿಚಾರದಲ್ಲಿ ಕಾನೂನು ಇನ್ನಷ್ಟು ಸೂಕ್ಷ್ಮವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಪ್ರತಿಯೊಬ್ಬನಿಗೂ ತನ್ನ ಮತ್ತು ಇತರರ ದೇಹವನ್ನೂ ಆಸ್ತಿಯನ್ನೂ ರಕ್ಷಿಸಿಕೊಳ್ಳುವ ಹಕ್ಕಿದೆ. ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕು ಹುಟ್ಟುವುದೇ ಇಲ್ಲ. ಸಾವು ಅಥವಾ ತೀವ್ರ ಗಾಯದ ಭಯ ನ್ಯಾಯವಾಗಿಯೇ ಉಂಟಾದಾಗ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿಯಂಥ ಸಂದರ್ಭಗಳಲ್ಲಿ ಎದುರಾಳಿಯ ಸಾವಿಗೆ ಕಾರಣವಾಗುವಷ್ಟರ ಮಟ್ಟಿಗೂ ಈ ಹಕ್ಕು ವಿಸ್ತರಿಸುತ್ತದೆ. ಆಸ್ತಿಯ ವಿಚಾರದಲ್ಲಿ ದರೋಡೆ, ಸೂರ್ಯಾಸ್ತದ ನಂತರ ಸೂರ್ಯೋದಯಕ್ಕೆ ಮುಂಚೆ ನಡೆಯುವ ಕನ್ನ, ವಾಸದ ಮನೆಗೆ ಬೆಂಕಿಯಿಡುವಂಥ ಕೃತ್ಯಗಳಿಗೆ ಅಷ್ಟು ವ್ಯಾಪ್ತಿಯಿದೆ. ಅಡಿಕೆ ಗೊನೆ ಕದ್ದು ಓಡುತ್ತಿರುವವನ ಬೆನ್ನಿಗೆ ಗುಂಡು ಹಾರಿಸಿದವನಿಗೆ ಈ ಕಲಮುಗಳು ನೆರವಾಗುವುದಿಲ್ಲ. ಓಡುತ್ತಿರುವವನಿಂದ ಪ್ರಾಣಭಯವಿಲ್ಲ, ಅಡಿಕೆಯ ಬೆಲೆ ಎಷ್ಟೇ ಏರಿದರೂ ಅದು ಮನುಷ್ಯನ ಜೀವಕ್ಕೆ ಸಮನಲ್ಲ. ಗುಂಡು ಹಾರಿಸಿದವನು ಆತ್ಮರಕ್ಷಣೆಯನ್ನು ನ್ಯಾಯಾಲಯದ ಮುಂದೆ ಸಮರ್ಥಿಸಿಕೊಳ್ಳಬೇಕಾಗುತ್ತದೆ ಎಂಬುದನ್ನು ಕೋವಿ ಕೈಗೆತ್ತಿಕೊಳ್ಳುವ ಮುನ್ನವೇ ಅರಿತಿರಬೇಕು.

ಆದಕಾರಣ ಒಂಟಿಮನೆಯ ಸನ್ನದ್ಧತೆಯಲ್ಲಿ ಕೋವಿಯ ಸ್ಥಾನ ಕೊನೆಯದು. ಗಟ್ಟಿಯಾದ ಬಾಗಿಲು ಮತ್ತು ಅಗುಳಿ, ಅಂಗಳದ ಬೆಳಕು, ಬೊಗಳುವ ನಾಯಿ, ಚಾರ್ಜ್ ಇರುವ ಫೋನು ಮತ್ತು ಟಾರ್ಚು, ತುರ್ತು ಸಂಖ್ಯೆ 112, ಕರೆದ ಕೂಡಲೇ ಬರುವ ನೆರೆಯವರು, ಇಷ್ಟೂ ಇರುವ ಮನೆಗೆ ಕೋವಿ ಬೇಕಾಗುವ ಸಂದರ್ಭ ತೀರ ವಿರಳ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ರಸ್ತೆ, ವಿದ್ಯುತ್ತು, ಫೋನು ಒಟ್ಟಿಗೆ ಕಡಿದುಹೋದಾಗ, ಬೆಟ್ಟದ ಮನೆಯವರ ಸನ್ನದ್ಧತೆಯೆಂದರೆ ಆಹಾರ, ಔಷಧಿ, ಹಗ್ಗ, ಬೆಳಕು ಮತ್ತು ಸುರಕ್ಷಿತ ಜಾಗಕ್ಕೆ ಹೋಗುವ ದಾರಿಯ ತಿಳಿವಳಿಕೆಯೂ ಹೌದೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಇಷ್ಟಾದರೂ, ಠಾಣೆಯಿಂದ ಜೀಪು ಬಂದು ಮುಟ್ಟಲು ಗಂಟೆಗಟ್ಟಲೆ ಹಿಡಿಯುವ ಎಸ್ಟೇಟಿನಲ್ಲಿ ವಾಸಿಸುವ ವೃದ್ಧ ದಂಪತಿಗೆ, ಬೀಗ ಹಾಕಿದ ಕಪಾಟಿನೊಳಗಿನ ಕೋವಿ ಕೊಡುವ ಧೈರ್ಯವನ್ನು ನಗರದಲ್ಲಿ ಕುಳಿತವರು ಹಗುರವಾಗಿ ಕಾಣಬಾರದು.

ಕೋವಿಯ ಸುರಕ್ಷತೆಯ ನಿಯಮಗಳನ್ನು ಅಮೆರಿಕದ ಬಂದೂಕು ಶಿಕ್ಷಕ ಜೆಫ್ ಕೂಪರ್ ನಾಲ್ಕು ಮಾತಿನಲ್ಲಿ ಕ್ರೋಡೀಕರಿಸಿದ್ದು, ಜಗತ್ತಿನ ಎಲ್ಲೆಡೆಯ ತರಬೇತಿಗಳಲ್ಲಿ ಅವು ಒಂದಲ್ಲ ಒಂದು ರೂಪದಲ್ಲಿ ಬಳಕೆಯಲ್ಲಿವೆ. ಪ್ರತಿಯೊಂದು ಕೋವಿಯಲ್ಲೂ ಈಡಿದೆ ಎಂದೇ ಭಾವಿಸಬೇಕು. ಹೊಡೆಯಲು ಮನಸ್ಸಿಲ್ಲದ ಯಾವುದರತ್ತಲೂ ನಳಿಗೆ ತಿರುಗಬಾರದು. ಗುರಿ ಕೂಡುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿ ಏನೆಂಬುದೂ ಅದರ ಹಿಂದೆ ಏನಿದೆ ಎಂಬುದೂ ಖಚಿತವಾಗಿರಬೇಕು. ಮಲೆನಾಡಿನ ಕೋವಿ ದುರಂತಗಳ ದೊಡ್ಡ ಪಾಲು ಕೊನೆಯ ನಿಯಮದ ಉಲ್ಲಂಘನೆಯಿಂದ ಆಗಿದೆ: ಪೊದೆಯೊಳಗಿನ ಚಲನೆಯನ್ನು ಹಂದಿಯೆಂದು ಬಗೆದು ಹಾರಿಸಿದ ಈಡು ಜೊತೆಗಾರನಿಗೆ ತಾಗಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸದ್ದು ಕೇಳಿದರೆ ಸಾಲದು, ನೆರಳು ಕಂಡರೆ ಸಾಲದು, ಬೆಳಕಿನಲ್ಲಿ ಪೂರ್ತಿ ಗುರುತು ಸಿಗದ ಹೊರತು ಕೋವಿ ಎತ್ತಬಾರದು.

ಬಳಕೆ ವರ್ಷಕ್ಕೆ ಕೆಲವೇ ಸಲವಾದರೂ ಸಂರಕ್ಷಣೆ ನಿತ್ಯದ ಕೆಲಸ. ಘಟ್ಟದ ಮಳೆಗಾಲದ ತೇವ ಉಕ್ಕಿಗೆ ಶತ್ರು, ಕರಿಮದ್ದಿನ ಮಸಿ ಅದಕ್ಕಿಂತ ದೊಡ್ಡ ಶತ್ರು. ಆ ಮಸಿ ಗಾಳಿಯ ತೇವವನ್ನು ಹೀರಿಕೊಂಡು ನಳಿಗೆಯನ್ನು ಒಳಗಿನಿಂದ ತಿನ್ನುವುದರಿಂದ, ಕೇಪಿನ ಕೋವಿಯನ್ನು ಈಡು ಹಾರಿಸಿದ ದಿನವೇ ಬಿಸಿನೀರಿನಿಂದ ತೊಳೆದು, ಸಲಾಕೆಗೆ ಸುತ್ತಿದ ಬಟ್ಟೆ ಬೆಳ್ಳಗೆ ಹೊರಬರುವವರೆಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ತೆಳುವಾಗಿ ಎಣ್ಣೆ ಸವರಬೇಕು. ತೋಟೆಕೋವಿಯಲ್ಲಾದರೆ ಮೊದಲು ಬುಡ ತೆರೆದು ತೋಟೆ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಂಡು, ನಳಿಗೆಯನ್ನು ಬೆಳಕಿಗೆ ಹಿಡಿದು ಬುಡದ ಕಡೆಯಿಂದ ನೋಡಿದರೆ ಒಳಮೈ ಕನ್ನಡಿಯಂತೆ ಹೊಳೆಯಬೇಕು. ಕಪ್ಪು ಚುಕ್ಕೆಗಳು ಕಂಡರೆ ತುಕ್ಕು ಶುರುವಾಗಿದೆ ಎಂದರ್ಥ. ಕೋವಿ ಒಂದು ಬೀಗದೊಳಗೆ, ತೋಟೆಗಳು ಇನ್ನೊಂದು ಬೀಗದೊಳಗೆ, ಎರಡರ ಕೀಲಿಕೈ ಜವಾಬ್ದಾರಿಯುತ ವ್ಯಕ್ತಿಯ ಬಳಿ ಇರಬೇಕು. ಬಾಗಿಲ ಹಿಂದೆ ಗೋಡೆಗೊರಗಿಸಿ ಈಡು ತುಂಬಿದ ಕೋವಿಯನ್ನಿಡುವ ಹಳೆಯ ವಾಡಿಕೆ ಈಗಲೂ ಕೆಲವೆಡೆ ಉಳಿದಿದ್ದು, ಅದನ್ನು ಪರಂಪರೆಯೆಂದು ಸಮರ್ಥಿಸುವುದು ತಪ್ಪು. ಮನೆಯ ಜಗಳ, ಮದ್ಯ, ಸಾಲದ ಚಿಂತೆಯಿಂದ ಕುಸಿದ ಮನಸ್ಸು, ಇವುಗಳ ಕೈಗೆ ಕ್ಷಣಮಾತ್ರದಲ್ಲಿ ಎಟುಕುವ ಕೋವಿಯು ಕಳ್ಳನಿಗಿಂತ ಮನೆಯವರಿಗೇ ಹೆಚ್ಚು ಅಪಾಯಕಾರಿ. ಮನೆಯಲ್ಲಿ ಒಬ್ಬರ ಮನಸ್ಸು ಸರಿಯಿಲ್ಲವೆಂದು ತೋರಿದಾಗ ಕೋವಿಯನ್ನು ಠಾಣೆಯಲ್ಲೋ ಪರವಾನಗಿ ಪಡೆದ ಕೋವಿ ಅಂಗಡಿಯಲ್ಲೋ ಕೆಲಕಾಲ ಠೇವಣಿ ಇಡುವುದು ಹೇಡಿತನವಲ್ಲ, ಕೋವಿದಾರನ ಮೊದಲ ಕರ್ತವ್ಯ. ಸಮಾರಂಭಗಳಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗಿನ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ ಉಂಟು. ಪುತ್ತರಿಯ ಗುಂಡನ್ನೂ ಬರಿಯ ಮದ್ದಿನಿಂದ, ಜನರಿಂದ ದೂರ ನಿಂತು ಹಾರಿಸುವುದೇ ಸರಿಯಾದ ಕ್ರಮ.

ಇಷ್ಟೆಲ್ಲ ಹೊಣೆಯನ್ನು ಹೊತ್ತ ಕೋವಿದಾರನಿಗೆ ಸರ್ಕಾರದಿಂದ ಸಿಗಬೇಕಾದ ನಂಬಿಕೆ ಮಾತ್ರ ಸಿಗುತ್ತಿಲ್ಲ. ಪ್ರತಿ ಚುನಾವಣೆಯ ಘೋಷಣೆಯೊಡನೆ ಕೃಷಿಕರ ಕೋವಿಗಳನ್ನು ಠಾಣೆಗಳಲ್ಲಿ ಒಪ್ಪಿಸುವಂತೆ ಆದೇಶ ಹೊರಡುತ್ತದೆ. ಚುನಾವಣಾ ಆಯೋಗದ ಸೂಚನೆಯಾದರೂ, ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಯು ಒಬ್ಬೊಬ್ಬರ ಹಿನ್ನೆಲೆಯನ್ನು ನೋಡಿ, ಜಾಮೀನಿನ ಮೇಲಿರುವವರು, ಅಪರಾಧದ ಇತಿಹಾಸವುಳ್ಳವರು, ಗಲಭೆಗಳಲ್ಲಿ ಭಾಗಿಯಾದವರ ಕೋವಿಗಳ ಬಗ್ಗೆ ತೀರ್ಮಾನಿಸಬೇಕೆಂಬುದಾಗಿದೆ; ಎಲ್ಲರಿಗೂ ಒಂದೇ ಆದೇಶ ಹೊರಡಿಸಿದಾಗ ಕರಾವಳಿ ಮತ್ತು ಮಲೆನಾಡಿನ ಕೃಷಿಕರು ಹೈಕೋರ್ಟಿನ ಮೊರೆಹೋಗಿ ಪರಿಹಾರ ಪಡೆದ ನಿದರ್ಶನಗಳಿವೆ. ಒಬ್ಬ ಮುದುಕನು ಕೋವಿಯನ್ನು ಹೊತ್ತು ಬಸ್ಸು ಹಿಡಿದು ತಾಲೂಕು ಕೇಂದ್ರಕ್ಕೆ ಹೋಗಿ ರಸೀದಿ ಪಡೆದು, ವಾರಗಟ್ಟಲೆ ಬೆಳೆಯನ್ನು ಹಂದಿಗಳಿಗೆ ಬಿಟ್ಟು, ಕೊನೆಗೆ ಎಣ್ಣೆಯಿಲ್ಲದೆ ತುಕ್ಕು ಹಿಡಿದ ಕೋವಿಯನ್ನು ಮರಳಿ ತರುವ ಈ ವ್ಯವಸ್ಥೆಯಿಂದ ಚುನಾವಣೆಯ ಶಾಂತಿಗೆ ಆಗುವ ಲಾಭ ಶೂನ್ಯ. ಗೂಂಡಾಗಳ ಕೈಯಲ್ಲಿರುವ ಕಳ್ಳ ಆಯುಧ ಯಾವ ಠಾಣೆಯ ರಸೀದಿ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ಹಿರಿಯರು ತೀರಿಕೊಂಡ ಮೇಲೆ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಉಳಿದ ಕೋವಿಯನ್ನು ಹಾಗೆಯೇ ಬಿಡುವುದು ವಾರಸುದಾರರನ್ನು ಅಪರಾಧಿಗಳನ್ನಾಗಿಸುತ್ತದೆ. ಪರವಾನಗಿದಾರನ ಮರಣಾನಂತರ ಮಾತ್ರವಲ್ಲದೆ, ಆತನಿಗೆ 70 ವರ್ಷವಾದಾಗ ಅಥವಾ ಆತ 25 ವರ್ಷ ಕೋವಿಯನ್ನು ಹೊಂದಿದ್ದಾಗ, ಬದುಕಿರುವಾಗಲೇ ಅದನ್ನು ವಾರಸುದಾರರ ಹೆಸರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಕೊಡಗಿನ ಈಗಿನ ವಿನಾಯಿತಿಯ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯಲಿದೆ. ಅದು ಮುಂದುವರಿಯಬೇಕೆಂದು ಬಯಸುವ ಪ್ರತಿ ಮನೆಯವರೂ ಅಲ್ಲಿಯವರೆಗೆ ಕಾಯದೆ, ಈಗಲೇ ತಮ್ಮ ವಿನಾಯಿತಿ ಪತ್ರಗಳನ್ನು ಸರಿಪಡಿಸಿಕೊಂಡು, ಕೋವಿ ಮತ್ತು ತೋಟೆಗಳಿಗೆ ಬೇರೆ ಬೇರೆ ಬೀಗಗಳನ್ನು ಹಾಕಿಸಿ, ಮನೆಯ ಕಿರಿಯರನ್ನು ಹತ್ತಿರದ ತರಬೇತಿ ಶಿಬಿರಕ್ಕೆ ಕಳುಹಿಸಬೇಕು.